ಡಿಕ್ಕಿಯ ಮೂಲೆಗೊಂದು ಸಬ್‌ವೂಫರ್ ಪೆಟ್ಟಿಗೆ: ಫೈಬರ್‌ಗ್ಲಾಸ್ ಸಾಮಗ್ರಿ ಹುಡುಕಿದ ಒಂದು ಪ್ರಕರಣ

ಶಿವಮೊಗ್ಗದಲ್ಲಿ ಕೆಲಸದಲ್ಲಿರುವ ನನ್ನ ಭಾಮೈದನ ಸ್ವಿಫ್ಟ್ ಕಾರಿನ ಡಿಕ್ಕಿಯ ಬಲಮೂಲೆಯಲ್ಲಿ ತಗ್ಗುಸ್ವರಕ್ಕೆಂದೇ ಇರುವ 10 ಇಂಚಿನ ಸ್ಪೀಕರ್, ಅಂದರೆ ಸಬ್‌ವೂಫರ್ ಕೂರಿಸಲೆಂದು ನಾವಿಬ್ಬರು ಮನೆಯಲ್ಲೇ, ಗಾಜಿನ ಎಳೆಗಳ ಹಾಳೆಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಹಚ್ಚಿ, ಒಂದು ಫೈಬರ್‌ಗ್ಲಾಸ್ ಪೆಟ್ಟಿಗೆ ಮಾಡಿದೆವು. ಪೆಟ್ಟಿಗೆ ಮಾಡುವ ಕೆಲಸ ಒಟ್ಟು ಆರು ದಿನಗಳಲ್ಲಿ ಮುಗಿಯಿತು. ಅದಕ್ಕೆ ಬೇಕಾದ ಸಾಮಗ್ರಿ ಸರಿಯಾದ ಜೋಡಿಯಲ್ಲಿ ಕೈಸೇರಲು ಏಳು ವಾರ ಹಿಡಿಯಿತು. ಪೆಟ್ಟಿಗೆ ಕಟ್ಟುವ ವಿಧಾನವನ್ನು ತೋರಿಸುವ ವಿಡಿಯೊಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಸಾಮಗ್ರಿ ಮೊದಲೇ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತದೆ. ಅದು ಮೇಜಿಗೆ ಬರುವ ದಾರಿಯಲ್ಲೇ ನಾವು ಎಡವಿದ್ದರಿಂದ ಈ ಪ್ರಕರಣವನ್ನು ಆ ಭಾಗದಿಂದಲೇ ಬರೆಯುತ್ತಿದ್ದೇನೆ.

ಮರದ ಪೆಟ್ಟಿಗೆ ಸಾಲದೆ ಎಂಬುದು ಮೊದಲ ಪ್ರಶ್ನೆ. ಎರಡನೆಯ ತಲೆಮಾರಿನ ಸ್ವಿಫ್ಟ್‌ನ ಡಿಕ್ಕಿ 204 ಲೀಟರಿನದು. ಕೆಳಗೆ ಸ್ಟೆಪ್ನಿ ಇರುವುದರಿಂದ ನೆಲದ ಹಲಗೆಯನ್ನು ಎತ್ತಲು ಬರಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಚೌಕಾಕಾರದ ಪೆಟ್ಟಿಗೆಯನ್ನು ಇಟ್ಟರೆ ಊರಿಗೆ ಹೋಗುವಾಗ ಒಂದು ಅಕ್ಕಿಚೀಲಕ್ಕೂ ಜಾಗ ಉಳಿಯುವುದಿಲ್ಲ. ಆದರೆ ಹಿಂದಿನ ಚಕ್ರದ ಉಬ್ಬಿಗೂ ಹಿಂಬದಿಯ ದೀಪಕ್ಕೂ ನಡುವೆ ಯಾವ ಉಪಯೋಗಕ್ಕೂ ಬಾರದ ಒಂದು ಪೊಟರೆಯಿದೆ. ಅದರ ಆಕಾರಕ್ಕೆ ಹಲಗೆ ಬಾಗುವುದಿಲ್ಲ, ಫೈಬರ್ ಬಾಗುತ್ತದೆ.

ಎಷ್ಟು ಲೀಟರಿನ ಪೆಟ್ಟಿಗೆ ಬೇಕು ಎಂಬುದನ್ನು ಸ್ಪೀಕರಿನ ಜೊತೆ ಬಂದ ಕಾಗದವೇ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ 1960–70ರ ದಶಕಗಳಲ್ಲಿ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ರೂಪಿಸಿದ ಅಳತೆಗಳನ್ನು ಇಂದಿಗೂ ಹೆಚ್ಚಿನ ತಯಾರಕರು ಅಚ್ಚು ಹಾಕುತ್ತಾರೆ. ನಮ್ಮ ಸ್ಪೀಕರಿನ ಕ್ಯೂಟಿಎಸ್ (ಕೋನಿನ ಅದುರುವಿಕೆ ಎಷ್ಟು ಬೇಗ ತಣಿಯುತ್ತದೆಂದು ಹೇಳುವ ಅಂಕಿ) 0.45, ವಿಎಎಸ್ (ಕೋನಿನ ಕಟ್ಟಿನಷ್ಟೇ ಸ್ಪ್ರಿಂಗಿನ ಗುಣ ತೋರುವ ಗಾಳಿಯ ಗಾತ್ರ) 30 ಲೀಟರ್. ಸಂಪೂರ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಒಟ್ಟು ಕ್ಯೂ 0.707ರ ಆಸುಪಾಸಿನಲ್ಲಿದ್ದರೆ ತಗ್ಗುಸ್ವರ ಊದಿಕೊಳ್ಳದೆ, ಒಣಗಿಯೂ ಹೋಗದೆ ಹದವಾಗಿ ಕೇಳುತ್ತದೆ. 0.707ನ್ನು 0.45ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಅದರಿಂದ 1 ಕಳೆದರೆ 1.47 ಬರುತ್ತದೆ, 30 ಲೀಟರನ್ನು ಅದರಿಂದ ಭಾಗಿಸಿದರೆ ಸುಮಾರು 20.4 ಲೀಟರ್. ಸ್ಪೀಕರಿನ ಅಯಸ್ಕಾಂತವೂ ಬುಟ್ಟಿಯೂ ಒಳಗೆ ಹಿಡಿಯುವ ಒಂದೂವರೆ ಲೀಟರನ್ನು ಸೇರಿಸಿ 22 ಲೀಟರಿನ ಗುರಿ ಇಟ್ಟುಕೊಂಡೆವು. ಒಂದೆರಡು ಲೀಟರ್ ಹೆಚ್ಚಾದರೆ ಕಿವಿಗೆ ಗೊತ್ತಾಗುವುದಿಲ್ಲ, ಕಡಿಮೆಯಾದರೆ ಗುಂಯ್‌ಗುಟ್ಟುತ್ತದೆ ಎಂಬುದು ನನ್ನ ಅನುಭವ.

ಮೊದಲ ಖರೀದಿ

ನಾವು ಮೊದಲು ಹೋದದ್ದು ಕಾರಿನ ಅಲಂಕಾರ ಸಾಮಗ್ರಿ ಮಾರುವ ಅಂಗಡಿಗಳಿಗೆ. ಸ್ಪೀಕರ್, ಆಂಪ್ಲಿಫೈಯರ್, ವೈರು, ಕಾರ್ಪೆಟ್ ಎಲ್ಲವೂ ಅಲ್ಲಿದ್ದವು. ಫೈಬರ್ ಎಂದ ಕೂಡಲೇ ಅವರು ತೋರಿಸಿದ್ದು ಸಿದ್ಧ ಪೆಟ್ಟಿಗೆಗಳನ್ನು. ಒಬ್ಬರು ಟಿಂಕರಿಂಗ್ ಶೆಡ್ಡಿನಲ್ಲಿ ಕೇಳಿ ಎಂದರು. ಟಿಂಕರಿಂಗ್‌ನವರು ಬಂಪರ್ ಒಡೆದರೆ ಹಚ್ಚುವ ಚಿಕ್ಕ ಡಬ್ಬಿ ತೋರಿಸಿದರು. ಅದರಲ್ಲಿದ್ದ ರೆಸಿನ್ ಒಂದು ಅಂಗೈ ಅಗಲಕ್ಕೆ ಸಾಕಾಗುತ್ತಿತ್ತು.

ಬೇಸತ್ತು ಆನ್‌ಲೈನಿನಲ್ಲಿ ಹುಡುಕಿದೆವು. ‘ರೆಸಿನ್’ ಎಂದು ಹುಡುಕಿದರೆ ಮೊದಲು ಬರುವುದು ಎಪಾಕ್ಸಿ. ಟ್ರೇ, ಕೀಚೈನು, ಒಣಹೂವಿನ ಪದಕ ಮಾಡುವವರು ಬಳಸುವ, ಗಾಜಿನಂತೆ ತಿಳಿಯಾದ ದ್ರವ. ‘ಗಟ್ಟಿ’, ‘ವಾಸನೆಯಿಲ್ಲ’ ಎಂದು ಬರೆದಿತ್ತು. ಎರಡೂ ನಿಜವೇ. ಅದನ್ನೂ, ಬೇರೊಬ್ಬ ಮಾರಾಟಗಾರರಿಂದ ಎರಡು ಕಿಲೋ ಫೈಬರ್ ಮ್ಯಾಟನ್ನೂ ತರಿಸಿದೆವು. ಕಿಲೋ ಲೆಕ್ಕದಲ್ಲಿ ಆ ಎಪಾಕ್ಸಿಯ ಬೆಲೆ ನಾವು ಕೊನೆಗೆ ಕೊಂಡ ರೆಸಿನ್ನಿನ ಮೂರು ಪಟ್ಟಿಗಿಂತ ಹೆಚ್ಚು ಎಂಬುದು ಆಗ ಗೊತ್ತಿರಲಿಲ್ಲ.

ತೀರ್ಥಹಳ್ಳಿ ಬಳಿಯ ಮಾವನ ಮನೆಯ ಕಾರ್ ಶೆಡ್ಡೇ ನಮ್ಮ ಕಾರ್ಯಾಗಾರ. ಒಂದು ಹಳೆಯ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಸಿ, ಒಂದು ಅಡಿ ಮ್ಯಾಟಿಗೆ ಎಪಾಕ್ಸಿ ಹಚ್ಚಿ ನೋಡಿದೆವು. ಮ್ಯಾಟ್ ಎಂದರೆ ನೇಯ್ದ ಬಟ್ಟೆಯಲ್ಲ. ಎರಡು ಇಂಚಿನಷ್ಟು ಕತ್ತರಿಸಿದ ಗಾಜಿನ ಎಳೆಗಳನ್ನು ಅಡ್ಡಾದಿಡ್ಡಿ ಹರಡಿ ಒಂದು ಬಗೆಯ ಅಂಟಿನಿಂದ ಹಿಡಿದಿಟ್ಟ ಹಾಳೆ. ರೆಸಿನ್ ತಾಗಿದಾಗ ಆ ಅಂಟು ಕರಗಿ, ಎಳೆಗಳು ಸಡಿಲಗೊಂಡು, ಹಾಳೆ ಒದ್ದೆ ಬಟ್ಟೆಯ ಹಾಗೆ ಮೂಲೆಗೆ ಮಲಗಬೇಕು. ನಮ್ಮ ಕೈಯಲ್ಲಿ ಅದು ಮಲಗಲಿಲ್ಲ. ಬ್ರಷ್ಷಿನಿಂದ ಒತ್ತಿದರೆ ಒತ್ತಿದಷ್ಟು ಹೊತ್ತು ಕೂತು, ಬ್ರಷ್ ಎತ್ತಿದ ಕೂಡಲೇ ಹಸಿ ಹಪ್ಪಳದ ಅಂಚಿನಂತೆ ಸೆಟೆದು ಮೇಲೇಳುತ್ತಿತ್ತು. ನಡುನಡುವೆ ಬಿಳಿಯ ಮಚ್ಚೆಗಳು ಹಾಗೆಯೇ ಉಳಿದವು. ಮರುದಿನ ಗಟ್ಟಿಯಾದ ತುಂಡನ್ನು ಬಗ್ಗಿಸಿದರೆ ಆ ಬಿಳಿ ಮಚ್ಚೆಗಳಲ್ಲೇ ಪದರ ಬಿಚ್ಚಿಕೊಂಡಿತು.

ಕಾರಣ ಸರಳ. ಇಂತಹ ಮ್ಯಾಟಿನ ಅಂಟು ಕರಗುವುದು ಸ್ಟೈರೀನ್ ಎಂಬ ದ್ರಾವಕದಲ್ಲಿ. ಅದು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಯಥೇಚ್ಛವಾಗಿದೆ, ಎಪಾಕ್ಸಿಯಲ್ಲಿ ಇಲ್ಲ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ಬೇಕಿತ್ತು. ಎಪಾಕ್ಸಿಯೂ ಒಳ್ಳೆಯದೇ, ಮ್ಯಾಟೂ ಒಳ್ಳೆಯದೇ. ಇಬ್ಬರು ಮಾರಾಟಗಾರರೂ ತಾವು ಹೇಳಿದ್ದನ್ನೇ ಕಳುಹಿಸಿದ್ದರು. ಜಾತಕ ನೋಡದೆ ಕೂಡಿಸಿದ್ದು ನಾವು.

ಎರಡನೆಯ ಖರೀದಿ

ಮ್ಯಾಟು ಕೈಯಲ್ಲಿದ್ದುದರಿಂದ ಅದಕ್ಕೆ ಹೊಂದುವ ಪಾಲಿಯೆಸ್ಟರ್ ರೆಸಿನ್ ಹುಡುಕುವುದೆಂದು ತೀರ್ಮಾನಿಸಿದೆವು. ಬೆಂಗಳೂರಿನ ಪೀಣ್ಯದ ಕಡೆಯ ಇಬ್ಬರು ವ್ಯಾಪಾರಿಗಳಿಗೆ ಫೋನ್ ಮಾಡಿದಾಗ ಒಬ್ಬರು 35 ಕಿಲೋ ಕ್ಯಾನಿಗಿಂತ ಕಡಿಮೆ ಕೊಡುವುದಿಲ್ಲ ಎಂದರು. ಇನ್ನೊಬ್ಬರು ಬಿಡಿಯಾಗಿ ಕೊಡಲು ಒಪ್ಪಿದರೂ ಕೊರಿಯರಿನಲ್ಲಿ ಹಾಕುವುದಿಲ್ಲ, ಬಂದು ಒಯ್ಯಿರಿ ಎಂದರು. ಅವರು ಹೇಳಿದ್ದು ನ್ಯಾಯವೇ. ರೆಸಿನ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಅದನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡ್ನರ್ ಆರ್ಗ್ಯಾನಿಕ್ ಪೆರಾಕ್ಸೈಡ್ ವರ್ಗಕ್ಕೆ ಸೇರಿದ ಅಪಾಯಕಾರಿ ವಸ್ತು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ರೈಲಿನಲ್ಲಿ ಬರುವ ಗೆಳೆಯನ ಬ್ಯಾಗಿನಲ್ಲಿ ತರಿಸೋಣವೆಂದು ಭಾಮೈದ ಸೂಚಿಸಿದಾಗ ನಾನು ಬೇಡವೆಂದೆ. ಅಪಾಯಕಾರಿ ಸರಕನ್ನು ತಿಳಿಸದೆ ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನ ಪ್ರಕಾರ ಶಿಕ್ಷಾರ್ಹ. ಕಾಯಿದೆ ಇರದಿದ್ದರೂ, ಎಪ್ಪತ್ತು ಜನ ಮಲಗಿರುವ ಬೋಗಿಯಲ್ಲಿ ಅದನ್ನು ಸೀಟಿನಡಿ ತಳ್ಳುವ ಧೈರ್ಯ ಯಾರಿಗೂ ಇರಬಾರದು.

ಬಚ್ಚಲುಮನೆಯ ಫೈಬರ್ ಬಾಗಿಲುಗಳನ್ನು ಮಾಡುವ ಸಣ್ಣ ಕಾರ್ಖಾನೆಗಳು ಈಗ ಜಿಲ್ಲಾ ಕೇಂದ್ರಗಳಲ್ಲೆಲ್ಲ ಇವೆ. ಅಂತಹ ಒಂದು ಕಡೆ ಕೇಳಿದಾಗ ಡ್ರಮ್ಮಿನ ತಳದಿಂದ ಆರು ಕಿಲೋ ರೆಸಿನ್ನನ್ನು ಪೇಂಟಿನ ಡಬ್ಬಿಗೆ ಸುರಿದು, ಜೊತೆಗೆ ಒಂದು ಚಿಕ್ಕ ಬಾಟಲಿ ಹಾರ್ಡ್ನರ್ ಕೊಟ್ಟರು. ಡ್ರಮ್ ಬಂದ ತಾರೀಖನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಕೆಲಸ ಶುರುಮಾಡಿದೆವು. ಎಪಾಕ್ಸಿಯ ಯೋಜನೆಯ ಕಾಲದಲ್ಲೇ ಪೆಟ್ಟಿಗೆಯ ಒಳ ಆಕಾರಕ್ಕೆಂದು ಥರ್ಮಾಕೋಲ್ ಗಟ್ಟಿಗಳನ್ನು ಕೊರೆದು ಜೋಡಿಸಿಟ್ಟಿದ್ದೆವು. ಎಪಾಕ್ಸಿ ಥರ್ಮಾಕೋಲನ್ನು ಮುಟ್ಟುವುದಿಲ್ಲ. ಪಾಲಿಯೆಸ್ಟರಿಗೆ ಬದಲಾಯಿಸಿದಾಗ ಈ ಗಟ್ಟಿಗಳ ವಿಷಯ ಇಬ್ಬರಿಗೂ ನೆನಪಾಗಲಿಲ್ಲ. ಮೊದಲ ಬ್ರಷ್ ಎಳೆದು ಎರಡನೆಯದಕ್ಕೆ ಅದ್ದುವಷ್ಟರಲ್ಲಿ ಭಾಮೈದ ಕೂಗಿದ: “ಭಾವ, ಇಲ್ನೋಡಿ, ಇದು ಕರಗ್ತಾ ಇದೆ!” ಬ್ರಷ್ ಹೋದ ದಾರಿಯಲ್ಲಿ ಥರ್ಮಾಕೋಲ್ ಚರಚರ ಸದ್ದು ಮಾಡುತ್ತ ಒಳಗಿಳಿದು, ಒಂದು ಬೆರಳು ಆಳದ ಗುಳಿಯಾಗಿ, ತಳದಲ್ಲಿ ಬಿಳಿಯ ಲೋಳೆ ನಿಂತಿತ್ತು. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನಿನ ನೊರೆ. ಸ್ಟೈರೀನಿನಲ್ಲಿ ಅದು ಕರಗದಿದ್ದರೇ ಆಶ್ಚರ್ಯಪಡಬೇಕಿತ್ತು.

ಗಟ್ಟಿಗಳನ್ನು ಬದಿಗಿಟ್ಟು, ಹಲಗೆಯ ಮೇಲೆ ಎರಡು ಪದರ ಹಾಕಿ ಬಿಟ್ಟೆವು. ಈ ಬಾರಿ ಮ್ಯಾಟ್ ಚೆನ್ನಾಗಿ ನೆನೆದು ಪಾರದರ್ಶಕವಾಯಿತು. ಆದರೆ ಮರುದಿನ ಬೆಳಗ್ಗೆಯೂ, ಅದರ ಮರುದಿನವೂ ಅದು ಜೋನಿಬೆಲ್ಲದ ಹದದಲ್ಲೇ ಇತ್ತು. ಹಾರ್ಡ್ನರ್ ಕಡಿಮೆಯಾಯಿತೇನೋ ಎಂದು ಇನ್ನೊಂದು ತುಂಡಿಗೆ ಎರಡು ಪಟ್ಟು ಹಾಕಿದೆವು. ಅದೂ ಹಾಗೆಯೇ ಉಳಿಯಿತು.

ಕಾರ್ಖಾನೆಯವರಿಗೆ ಫೋನ್ ಮಾಡಿದಾಗ ಬಂದ ಪ್ರಶ್ನೆ ಒಂದೇ: “ಕೋಬಾಲ್ಟ್ ಹಾಕಿದ್ರಾ?” ನಮ್ಮಲ್ಲಿ ಹಲವರು ಮಾರುವ ಪಾಲಿಯೆಸ್ಟರ್ ರೆಸಿನ್ ಮೂರು ಭಾಗಗಳ ಸಾಮಗ್ರಿ. ಹಾರ್ಡ್ನರ್ ಎಂದು ಕರೆಯುವ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ತಾನಾಗಿ ಕೋಣೆಯ ಉಷ್ಣತೆಯಲ್ಲಿ ಕೆಲಸ ಶುರುಮಾಡುವುದಿಲ್ಲ. ಅದನ್ನು ಒಡೆದು ಕ್ರಿಯೆಗೆ ಎಳೆಯುವುದು ಕೋಬಾಲ್ಟ್ ಎಂದು ಕರೆಯುವ, ಕೋಬಾಲ್ಟ್ ಲವಣವಿರುವ ನೇರಳೆ ಬಣ್ಣದ ದ್ರವ. ಕೆಲವು ರೆಸಿನ್‌ಗಳಿಗೆ ಕೋಬಾಲ್ಟನ್ನು ಮೊದಲೇ ಬೆರೆಸಿರುತ್ತಾರೆ. ಅವು ತುಸು ಗುಲಾಬಿ ಛಾಯೆಯಲ್ಲಿರುತ್ತವೆ. ನಮಗೆ ಸಿಕ್ಕಿದ್ದು ಬೆರೆಸದ ರೆಸಿನ್. ಬಾಗಿಲು ಮಾಡುವವರಿಗೆ ಕೋಬಾಲ್ಟ್ ಹಾಕುವುದು ಅಡುಗೆಗೆ ಉಪ್ಪು ಹಾಕಿದಷ್ಟೇ ಸಹಜ. ಹೊರಗಿನವನಿಗೆ ಅದನ್ನು ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಅವರ ತಪ್ಪು ಇಷ್ಟೇ ಎಂದು ನಾನು ಬಿಟ್ಟುಬಿಡುತ್ತಿದ್ದೆ. ಆದರೆ ಡಬ್ಬಿಯ ತಳದಲ್ಲಿ ಸಾಬಕ್ಕಿಯಂತಹ ಗಂಟುಗಳು ಕಾಣಿಸಿದಾಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಪಾಲಿಯೆಸ್ಟರ್ ರೆಸಿನ್ ತಂಪಾದ ಕತ್ತಲಲ್ಲಿಟ್ಟರೂ ಆರು ತಿಂಗಳ ಆಸುಪಾಸಿನವರೆಗೆ ಮಾತ್ರ ಚೆನ್ನಾಗಿರುತ್ತದೆ. ಗಂಟು ಕಟ್ಟಿದ ರೆಸಿನ್ ಎಂದರೆ ಡ್ರಮ್ಮಿನಲ್ಲೇ ಅರ್ಧ ಕಥೆ ಮುಗಿದಿದೆ ಎಂದರ್ಥ.

ಮಲ್ಪೆ

ನಮ್ಮ ಶೆಡ್ಡಿನ ಮುಂದಿನ ರಸ್ತೆಯನ್ನೇ ಹಿಡಿದು ಹೋದರೆ ಆಗುಂಬೆ ಘಾಟಿ ಇಳಿದು ಹೆಬ್ರಿ, ಮಣಿಪಾಲ, ಉಡುಪಿ ದಾಟಿ ಮಲ್ಪೆಗೆ ಮುಟ್ಟುತ್ತೇವೆ. ರಾಷ್ಟ್ರೀಯ ಹೆದ್ದಾರಿ 169ಎ ಎಂದರೆ ತೀರ್ಥಹಳ್ಳಿಯಿಂದ ಮಲ್ಪೆಗೇ. ಮೀನುಗಾರರ ಫೈಬರ್ ದೋಣಿಗಳನ್ನು ಕಟ್ಟುವವರೂ ರಿಪೇರಿ ಮಾಡುವವರೂ ಅಲ್ಲಿದ್ದಾರೆ. ಸಮುದ್ರದ ನೀರಿಗೆ ಮೈಯೊಡ್ಡುವ ವಸ್ತುವನ್ನು ದಿನನಿತ್ಯ ಮಾಡುವವರನ್ನು ಬಿಟ್ಟು ಕೀಚೈನು ಮಾಡುವವರ ಸಾಮಗ್ರಿಯ ಹಿಂದೆ ಹೋದದ್ದು ನಮ್ಮ ಬುದ್ಧಿವಂತಿಕೆ. ಆ ರಸ್ತೆಯಲ್ಲಿ ಮೀನಿಗಾಗಿ ಎಷ್ಟು ಬಾರಿ ಹೋಗಿದ್ದೆವೋ ಲೆಕ್ಕವಿಲ್ಲ.

ಜುಲೈ ಕೊನೆಯ ವಾರ ಹೋದೆವು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ರಿಪೇರಿಯ ಕಾಲವೂ ಅದೇ. ಟಾರ್ಪಾಲಿನ ಕೆಳಗೆ ಒಂದು ದೋಣಿಯ ಹೊಟ್ಟೆಗೆ ಪದರ ಹಾಕುತ್ತಿದ್ದ ಹಿರಿಯರೊಬ್ಬರ ಬಳಿ ನಿಂತು ವಿಷಯ ಹೇಳಿದೆವು. ಕಾರಿಗೆ ಸ್ಪೀಕರ್ ಪೆಟ್ಟಿಗೆ ಎಂದಾಗ ಅವರು ನಗಲಿಲ್ಲ. ಪೆಟ್ಟಿಗೆಯ ಅಳತೆ ಕೇಳಿದರು. ನಾನು ತೆಗೆದುಕೊಂಡು ಹೋಗಿದ್ದ ಎಪಾಕ್ಸಿಯ ತುಂಡನ್ನು ಉಗುರಿನಿಂದ ಕೆರೆದು, “ಇದು ನಮ್ಮ ರೆಸಿನ್ ಅಲ್ಲ ಮಾರಾಯ್ರೆ. ಮ್ಯಾಟ್ ಹಸಿವಿನಲ್ಲಿ ಉಂಟು, ಊಟ ಸಿಗ್ಲಿಲ್ಲ ಅದಕ್ಕೆ,” ಎಂದರು. ಬಿಳಿ ಮಚ್ಚೆಗಳ ಬಗ್ಗೆ ನಾನು ಮೇಲೆ ಬರೆದ ಇಡೀ ಪ್ಯಾರಾವನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು.

ತಮಗೆ ಸಾಮಗ್ರಿ ಕೊಡುವ ಅಂಗಡಿಗೆ ಅವರೇ ಫೋನ್ ಮಾಡಿ ಬಿಡಿಯಾಗಿ ಕೊಡಲು ಹೇಳಿದರು. ನಾವು ಹೊರಡುವ ಮೊದಲು ಒಂದು ಮಾತನ್ನು ಎರಡು ಸಲ ಹೇಳಿದರು: “ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಸರಿ ಕದಡಿ. ಮತ್ತೆ ಹಾರ್ಡ್ನರ್. ಅವೆರಡನ್ನು ಸೀದಾ ಒಟ್ಟಿಗೆ ಮಾಡ್ಬೇಡಿ, ಬೆಂಕಿ ಹಿಡೀತದೆ.” ಇದು ಉತ್ಪ್ರೇಕ್ಷೆಯಲ್ಲ. ಕೋಬಾಲ್ಟ್ ಮತ್ತು ಪೆರಾಕ್ಸೈಡ್ ನೇರವಾಗಿ ಸೇರಿದರೆ ಸ್ಫೋಟದಷ್ಟು ವೇಗವಾಗಿ ಉರಿಯಬಹುದು. ಒಂದೇ ಚಮಚವನ್ನು ಒಂದರಿಂದ ಇನ್ನೊಂದಕ್ಕೆ ಅದ್ದುವುದೂ ಕೂಡದು.

ಅಂಗಡಿಯಲ್ಲಿ ನಮ್ಮ ಲೆಕ್ಕವನ್ನು ಮುಂದಿಟ್ಟೆವು. ಪೆಟ್ಟಿಗೆಯ ಒಟ್ಟು ಮೇಲ್ಮೈ 0.7 ಚದರ ಮೀಟರ್. ಬಿಗಿಯಾದ ಮೂಲೆಗಳಿಗೆ ಮೊದಲ ಪದರ 300 ಗ್ರಾಮಿನ ಮ್ಯಾಟ್, ಅದರ ಮೇಲೆ 450 ಗ್ರಾಮಿನ ನಾಲ್ಕು ಪದರ. ಈ ಗ್ರಾಮ್ ಲೆಕ್ಕ ಒಂದು ಚದರ ಮೀಟರಿನ ತೂಕ. ಹಾಗಾಗಿ ಒಂದು ಚದರ ಮೀಟರಿಗೆ 2.1 ಕಿಲೋ, ನಮ್ಮ ಪೆಟ್ಟಿಗೆಗೆ ಸುಮಾರು ಒಂದೂವರೆ ಕಿಲೋ. ಕತ್ತರಿಸಿ ಹೋಗುವುದನ್ನೂ ಒಂದರ ಮೇಲೊಂದು ಹಾಯುವ ಅಂಚುಗಳನ್ನೂ ಸೇರಿಸಿ ಎರಡು ಕಿಲೋ. ಆನ್‌ಲೈನಿನಲ್ಲಿ ತರಿಸಿದ ಮ್ಯಾಟು ಯಾವ ತೂಕದ್ದೆಂದು ಚೀಟಿಯಲ್ಲಿರಲಿಲ್ಲ. ಅಂಗಡಿಯವರು ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ 450 ಎಂದರು. ಮನೆಗೆ ಬಂದು ಅಳೆದು ತೂಗಿದಾಗ ಅದು ಸರಿಯಿತ್ತು. ಹಾಗಾಗಿ ಹೊಸದಾಗಿ ಕೊಂಡದ್ದು ಅರ್ಧ ಕಿಲೋ 300 ಮಾತ್ರ. ಈ ಬಗೆಯ ಮ್ಯಾಟು ಕೈಕೆಲಸದಲ್ಲಿ ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಮ್ಯಾಟಿಗೆ ಮೂರೂಮುಕ್ಕಾಲು ಕಿಲೋ, ಪೆಟ್ಟಿಗೆಯ ಮುಂಭಾಗಕ್ಕೆ ಎಳೆದು ಕಟ್ಟುವ ಬಟ್ಟೆಗೆ ಒಂದು ಕಿಲೋ, ಮಗ್ಗಿನಲ್ಲೂ ಬ್ರಷ್ಷಿನಲ್ಲೂ ಉಳಿದುಹೋಗುವುದಕ್ಕೆ ಅರ್ಧ ಕಿಲೋ ಎಂದು ಹಿಡಿದು ಆರು ಕಿಲೋ ರೆಸಿನ್ ಕೊಂಡೆವು. ಸಾಮಾನ್ಯ ದರ್ಜೆಯ ಆರ್ಥೊ ರೆಸಿನ್ನೇ ಸಾಕೆಂದು ಅಂಗಡಿಯವರೇ ಹೇಳಿದರು. ನೀರಿನಲ್ಲಿರುವ ದೋಣಿಗೆ ಬೇಕಾದ ಐಸೊ ದರ್ಜೆಗೆ ಡಿಕ್ಕಿಯೊಳಗೆ ಕೆಲಸವಿಲ್ಲ. ನೇಯ್ದ ರೋವಿಂಗ್ (ದಪ್ಪ ಗಾಜಿನ ಬಟ್ಟೆ) ಬೇಡ, ಜೆಲ್‌ಕೋಟ್ (ಹೊರಮೈಯ ನುಣುಪು ಲೇಪ) ಬೇಡ ಎಂದು ಇನ್ನೆರಡನ್ನು ಪಟ್ಟಿಯಿಂದ ಹೊಡೆದುಹಾಕಿದರು. ಹೆಚ್ಚು ಮಾರುವುದರ ಬದಲು ಕಡಿಮೆ ಮಾಡಿಸಿದ ಅಂಗಡಿ ಇದೊಂದೇ.

ಅವರು ಕೇಳದೆಯೇ ಮಾಡಿದ ಇನ್ನೊಂದು ಕೆಲಸವನ್ನು ನಾನು ಈ ಪ್ರಕರಣದ ಮುಖ್ಯ ಘಟ್ಟವೆಂದು ಎಣಿಸುತ್ತೇನೆ. ನಮಗೆ ಕೊಡಲಿದ್ದ ರೆಸಿನ್ನಿನಿಂದಲೇ ನೂರು ಗ್ರಾಮನ್ನು ಕಾಗದದ ಕಪ್ಪಿಗೆ ಹಾಕಿ, ಕೋಬಾಲ್ಟ್ ಬೆರೆಸಿ, ನಂತರ ಒಂದೂವರೆ ಗ್ರಾಮ್ ಹಾರ್ಡ್ನರ್ ಸೇರಿಸಿ ಕಲ್ಲಿನ ಮೇಲಿಟ್ಟರು. ಲೆಕ್ಕ ಚುಕ್ತಾ ಮಾಡಿ, ಚಾ ಕುಡಿದು ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷವಾಗಿತ್ತು. ಕಪ್ಪಿನೊಳಗೆ ಕಡ್ಡಿ ಆಡಿಸಿದರೆ ದ್ರವ ಮೊಸರಿನಂತೆ ತುಂಡಾಗುತ್ತಿತ್ತು. ಕಪ್ಪು ಕೈಗೆ ಬೆಚ್ಚಗಿತ್ತು. ರೆಸಿನ್ ತಾಜಾ ಇದೆ, ಹಾರ್ಡ್ನರ್ ಸತ್ತಿಲ್ಲ, ಪ್ರಮಾಣ ಸರಿಯಿದೆ ಎಂಬ ಮೂರೂ ಅನುಮಾನಗಳಿಗೆ ಒಂದೇ ಕಪ್ಪಿನಲ್ಲಿ ಉತ್ತರ ಸಿಕ್ಕಿತು. ಎರಡನೆಯ ಖರೀದಿಯ ದಿನ ನಾವೇ ಕೇಳಿ ಇಷ್ಟು ಮಾಡಿಸಿದ್ದರೆ ಎರಡು ವಾರ ಉಳಿಯುತ್ತಿತ್ತು.

ತರುವಾಗ ರೆಸಿನ್ ಡಬ್ಬಿಯನ್ನೂ ಕೋಬಾಲ್ಟನ್ನೂ ಡಿಕ್ಕಿಯ ಒಂದು ಬದಿಯ ಬಕೆಟ್ಟಿನಲ್ಲಿ, ಹಾರ್ಡ್ನರನ್ನು ಮುಂದಿನ ಸೀಟಿನ ಕೆಳಗೆ ಬೇರೆ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕಿಟಕಿ ಎರಡು ಬೆರಳು ತೆರೆದು ಹೊರಟೆವು. ಆಗುಂಬೆಯ ತಿರುವುಗಳಲ್ಲಿ ಒಳಗೆ ಮಳೆ ಎರಚಿದರೂ ಕಿಟಕಿ ಏರಿಸಲಿಲ್ಲ.

ಕಟ್ಟಿದ್ದು

ಮಿಕ್ಕ ಸಾಮಗ್ರಿ ಶಿವಮೊಗ್ಗದಲ್ಲೇ ಸಿಕ್ಕಿತು. ಸ್ಪೀಕರ್ ಕೂರುವ ಉಂಗುರಕ್ಕೆ 18 ಮಿಲಿಮೀಟರ್ ಎಂಡಿಎಫ್. ಮುಂಭಾಗಕ್ಕೆ ಎಳೆದು ಕಟ್ಟಲು ಗಾಂಧಿ ಬಜಾರಿನಿಂದ ಸ್ವೆಟರಿಗೆ ಒಳಗೆ ಹಾಕುವ ಫ್ಲೀಸ್ ಬಟ್ಟೆ. ಮೊದಲು ಬನಿಯನ್ ಬಟ್ಟೆಯಲ್ಲಿ ಪ್ರಯತ್ನಿಸಿದ್ದೆವು. ಅದು ಚೆನ್ನಾಗಿ ಹಿಗ್ಗುತ್ತದೆ, ಆದರೆ ರೆಸಿನ್ನನ್ನು ಹಿಡಿದಿಟ್ಟುಕೊಳ್ಳದೆ ಹಿಂಬದಿಯಿಂದ ಸೋರಿಸುತ್ತದೆ.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ವಾರ ನೋಡಿ ಕೆಲಸಕ್ಕೆ ಕೈಹಾಕಿದೆವು. ತೇವ ಹಿಡಿದ ಮ್ಯಾಟು ಬೆಳ್ಳಗೆ ಉಳಿಯುತ್ತದೆಂದು ಅದನ್ನು ಎರಡು ದಿನ ಒಲೆಯ ಅಟ್ಟದಲ್ಲಿ ಒಣಗಿಸಿದೆವು. ರೆಸಿನ್ನಾಗಲಿ ಹಾರ್ಡ್ನರಾಗಲಿ ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. ಡಿಕ್ಕಿಯ ಮೂಲೆಗೆ ಮಾಸ್ಕಿಂಗ್ ಟೇಪಿನ ಎರಡು ಪದರ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ವ್ಯಾಕ್ಸ್. ಕಾರಿನೊಳಗೆ ಹಾಕಿದ್ದು ಎರಡೇ ಪದರ. ಆಕಾರ ನಿಂತ ಮೇಲೆ ಚಿಪ್ಪನ್ನು ಹೊರತೆಗೆದು ಉಳಿದ ಪದರಗಳನ್ನು ಅಂಗಳದಲ್ಲಿ ಹಾಕಿದೆವು. ಸ್ಟೈರೀನಿನ ಆವಿಗೆ ಕರವಸ್ತ್ರವೂ ಸಾಲದು, ದೂಳಿಗೆ ಹಾಕುವ ಬಿಳಿ ಮಾಸ್ಕೂ ಸಾಲದು. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕನ್ನಡಕವಿಲ್ಲದೆ ಹಾರ್ಡ್ನರ್ ಬಾಟಲಿಯ ಮುಚ್ಚಳವನ್ನು ತೆರೆಯುವ ಹಾಗೇ ಇಲ್ಲ. ಅದರ ಒಂದು ಹನಿ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಒಂದು ಸಲಕ್ಕೆ ಅರ್ಧ ಕಿಲೋ ರೆಸಿನ್, ಅದಕ್ಕೆ ಏಳೂವರೆ ಗ್ರಾಮ್ ಹಾರ್ಡ್ನರ್. ಒಮ್ಮೆ ಮುನ್ನೂರು ಗ್ರಾಮಿನಷ್ಟು ಮಗ್ಗಿನಲ್ಲೇ ಉಳಿದು ನಾವು ಊಟಕ್ಕೆ ಎದ್ದೆವು. ತಿರುಗಿ ಬಂದಾಗ ಮಗ್ಗು ಒಂದು ಕಡೆಗೆ ವಾಲಿ ಕುಸಿದಿತ್ತು, ಅದರ ಬಾಯಿಂದ ಸಣ್ಣ ಹೊಗೆ ಏಳುತ್ತಿತ್ತು, ಒಳಗಿನ ರೆಸಿನ್ ಬಿರುಕುಬಿಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ತೆಳುವಾಗಿ ಹರಡಿದಾಗ ಆರಿಹೋಗುವ ಬಿಸಿ ಮಗ್ಗಿನ ಮುದ್ದೆಯಲ್ಲಿ ಹೊರಹೋಗಲು ದಾರಿ ಸಿಗದೆ ಸೇರಿಕೊಳ್ಳುತ್ತದೆ. ಅಂದಿನಿಂದ ಉಳಿದದ್ದನ್ನು ಹಲಗೆಯ ಮೇಲೆ ಸುರಿದು ಹರಡಿಯೇ ಏಳುತ್ತಿದ್ದೆವು.

ಪೆಟ್ಟಿಗೆಯ ಒಳಗಾತ್ರವನ್ನು ಅಳೆಯಲು ನೀರು ಹಾಕಿದರೆ ಎಂಡಿಎಫ್ ಉಂಗುರ ಊದಿಕೊಳ್ಳುತ್ತಿತ್ತು. ಮಾವನ ಕಣಜದಿಂದ ಭತ್ತ ತಂದು ಲೀಟರ್ ಜಗ್ಗಿನಲ್ಲಿ ಅಳೆದು ಸುರಿದೆವು. ಇಪ್ಪತ್ಮೂರೂವರೆ ಜಗ್ಗಿಗೆ ಬಾಯಿಮಟ್ಟ ತುಂಬಿತು. ಸ್ಪೀಕರಿನ ಒಂದೂವರೆ ಲೀಟರ್ ಕಳೆದರೆ 22. ಮತ್ತೆ ಲೆಕ್ಕ ಹಾಕಿದರೆ ಕ್ಯೂ 0.69. ಗುರಿಗೆ ಇಷ್ಟು ಹತ್ತಿರ ಬಂದದ್ದಕ್ಕೆ ನಾವು ಕುಣಿಯುತ್ತಿದ್ದರೆ ಅತ್ತೆಯವರು ಬಾಗಿಲಲ್ಲಿ ನಿಂತು, “ಆ ವಾಸನೆ ಬಡಿದ ಭತ್ತಾನ ಇನ್ನು ಯಾರಿಗೆ ಅನ್ನ ಮಾಡಿ ಹಾಕ್ಲಿ?” ಎಂದರು. ಅದು ತಿನ್ನುವುದಕ್ಕೆ ಬಾರದೆಂದು ಬೇರೆ ಚೀಲಕ್ಕೆ ಹಾಕಿಟ್ಟರು.

ಪುಟ್ಟಿ, ಉಜ್ಜುವುದು, ಕಾರ್ಪೆಟ್ ಅಂಟಿಸುವುದು ಯಾವ ಟಿಂಕರಿಂಗ್ ಶೆಡ್ಡಿನಲ್ಲಿಯಾದರೂ ನೋಡಿ ಕಲಿಯಬಹುದಾದ ಕೆಲಸ. ಪೆಟ್ಟಿಗೆಯನ್ನು ಹತ್ತು ದಿನ ಬಿಸಿಲಿಗೂ ಗಾಳಿಗೂ ಬಿಟ್ಟು, ವಾಸನೆ ಇಳಿದ ಮೇಲೆ ಕಾರಿಗೆ ಹಾಕಿದೆವು. ಸ್ಪೀಕರಿನ ಕೋನನ್ನು ಅಂಗೈಯಿಂದ ಮೆಲ್ಲಗೆ ಒಳಗೆ ಒತ್ತಿ ಬಿಟ್ಟಾಗ ಅದು ನಿಧಾನವಾಗಿ ಮೇಲೇರಬೇಕು. ನಮ್ಮದು ಥಟ್ಟನೆ ಎದ್ದಿತು. ಸೋಪಿನ ನೀರು ಹಚ್ಚಿ ನೋಡಿದಾಗ ವೈರು ಹೊರಬರುವ ಟರ್ಮಿನಲ್ಲಿನ ಅಂಚಿನಲ್ಲಿ ಗುಳ್ಳೆಗಳು ಬಂದವು. ಅಲ್ಲಿ ಸೀಲ್ ಮಾಡಿದ ಮೇಲೆ ಸರಿಯಾಯಿತು.

ಲೆಕ್ಕ

ಫೈಬರ್ ಪೆಟ್ಟಿಗೆ ಮರದ್ದಕ್ಕಿಂತ ಹಗುರ ಎಂಬ ಮಾತನ್ನು ನಾವೂ ನಂಬಿದ್ದೆವು. ಅಡಕೆ ತೂಗುವ ತಕ್ಕಡಿಯಲ್ಲಿ ನಮ್ಮ ಪೆಟ್ಟಿಗೆ ಸ್ಪೀಕರಿಲ್ಲದೆ ಎಂಟು ಕಿಲೋ ತೂಗಿತು. ಅಷ್ಟೇ ಒಳಗಾತ್ರದ 18 ಮಿಲಿಮೀಟರ್ ಎಂಡಿಎಫ್ ಪೆಟ್ಟಿಗೆಯೂ ಲೆಕ್ಕದ ಪ್ರಕಾರ ಏಳೆಂಟು ಕಿಲೋ ಬರುತ್ತದೆ. ಗೆದ್ದದ್ದು ಜಾಗವನ್ನು ಮಾತ್ರ. ಸ್ಟೆಪ್ನಿಯ ಹಲಗೆ ಎತ್ತಲು ಬರುತ್ತದೆ, ಅಕ್ಕಿಚೀಲವೂ ಹಿಡಿಯುತ್ತದೆ. ಹಣದ ಮಾತಿಗೆ ಬಂದರೆ, ಬಳಕೆಯಾಗದ ಎಪಾಕ್ಸಿ ಮತ್ತು ಗಂಟುಕಟ್ಟಿದ ರೆಸಿನ್ನಿಗೆ ಕೊಟ್ಟದ್ದು ಪೆಟ್ಟಿಗೆಯಲ್ಲಿ ನಿಜವಾಗಿ ಸೇರಿದ ಎಲ್ಲ ಸಾಮಗ್ರಿಗಿಂತ ಹೆಚ್ಚಾಯಿತು. ಭಾಮೈದ ಈ ಸಾಲನ್ನು ಬರೆಯಬಾರದೆಂದು ಕೇಳಿಕೊಂಡಿದ್ದ.

ಮಲ್ಪೆಯ ರೆಸಿನ್ನಿನಲ್ಲಿ ಮುಕ್ಕಾಲು ಕಿಲೋ ಉಳಿದಿತ್ತು. ಅಡಕೆಗೆ ಬೋರ್ಡೊ ದ್ರಾವಣ ಕದಡುವ ನೀಲಿ ಡ್ರಮ್ಮು ತಳದಲ್ಲಿ ಸೀಳಿದೆ, ಅದಕ್ಕೊಂದು ತೇಪೆ ಹಾಕಿಕೊಡಿ ಎಂದು ಮಾವನವರು ಕೇಳಿದರು. ಆ ಡ್ರಮ್ಮು ಪಾಲಿಥೀನಿನದು, ಪಾಲಿಯೆಸ್ಟರ್ ಅದಕ್ಕೆ ಹಿಡಿಯುವುದಿಲ್ಲ ಎಂದು ಅಷ್ಟು ಹೊತ್ತಿಗೆ ಓದಿ ತಿಳಿದಿದ್ದೆ, ಹೇಳಿಯೂ ನೋಡಿದೆ. ಏಳು ವಾರ ನಮ್ಮ ಅವಾಂತರ ನೋಡಿದ್ದ ಅವರು ನನ್ನ ಮಾತನ್ನು ಪೂರ್ತಿ ನಂಬಲಿಲ್ಲ, ಒಮ್ಮೆ ಹಾಕಿಯೇ ನೋಡೋಣ ಎಂದರು. ಉಪ್ಪುಕಾಗದದಲ್ಲಿ ಉಜ್ಜಿ ಮೂರು ಪದರ ಹಾಕಿಕೊಟ್ಟೆ. ಮರುದಿನ ಬೆಳಗ್ಗೆ ಅವರು ಅಂಚಿಗೆ ಉಗುರು ಕೊಟ್ಟು ಎತ್ತಿದರು. ತೇಪೆ ಪೂರ್ತಿಯಾಗಿ, ಡ್ರಮ್ಮಿನ ತಳದ ಅಚ್ಚೊತ್ತಿಕೊಂಡು, ದೋಸೆಯ ಹಾಗೆ ಎದ್ದು ಕೈಗೆ ಬಂತು. ಅದನ್ನು ಅವರು ಈಗ ಕೊಟ್ಟಿಗೆಯಲ್ಲಿ ಹಿಂಡಿ ಇಡುವ ತಟ್ಟೆಯಾಗಿ ಇಟ್ಟುಕೊಂಡಿದ್ದಾರೆ. ಎಮ್ಮೆ ಮಾತ್ರ ಇನ್ನೂ ಅದರ ವಾಸನೆಗೆ ಮೂಗು ತಿರುಗಿಸುತ್ತದೆ.